ಗೋಲ್‌ಕೀಪರಿಗೆ ಹೂ ಕೇಳಿದ್ದು

ಟೀಮಿನ ಅಂಗಿಗಳನ್ನು ಸೋಡದ ನೀರಿನಲ್ಲಿ ನೆನೆಹಾಕಿ, ಒಂದೊಂದನ್ನೇ ತೆಗೆದು ಬಾವಿಕಟ್ಟೆಯ ಕಲ್ಲಿಗೆ ಬಡಿಯುತ್ತಿದ್ದೆ. ಬೆನ್ನಿಗೆ ನಂಬರು ಹೊಲಿದಿದ್ದ ಹಳದಿ ಅಂಗಿಗಳು. ಬಣ್ಣ ಬಿಡುತ್ತಿದ್ದವಾದ್ದರಿಂದ ಮನೆಯ ಬಟ್ಟೆಯ ಜೊತೆ ಸೇರಿಸುವ ಹಾಗಿರಲಿಲ್ಲ, ಅವಕ್ಕೇ ಬೇರೆ ನೀರು ಸೇದಬೇಕು. ಆ ಹೊತ್ತಿನಲ್ಲಿ ಎಂದೂ ಮನೆಗೆ ಬರದ ನಮ್ಮನೆಯವರು ಹಿತ್ತಲ ಬಾಗಿಲಿಗೆ ಬಂದು ನಿಂತರು. ಚಪ್ಪಲಿ ಕೂಡ ಬಿಟ್ಟಿರಲಿಲ್ಲ.

"ಒಗೀಬೇಡ ಬಿಡೇ," ಅಂದರು. "ಹಾಕ್ಕೊಳ್ಳೋರೇ ಇಲ್ಲ."

"ಯಾಕ್ರೀ, ಸಾಹುಕಾರ್ರು ಆಟ ನಿಲ್ಲಿಸಿಬಿಟ್ರಾ?"

"ಆಟ ಇದೆ. ಆಡೋರು ಹೋದ್ರು. ಐದು ಜನ. ಬೆಳಗಿನ ರೈಲಿಗೇ ಬೆಂಗಳೂರಿಗೆ ಹತ್ತಿದಾರೆ. ಅಲ್ಲಿ ಯಾವುದೋ ಕಾರ್ಖಾನೆಯೋರು ಕೆಲಸ ಕೊಟ್ಟು ಅವರ ಟೀಮಿಗೆ ಸೇರಿಸ್ಕೊಂಡ್ರಂತೆ. ಗೋಲು ಕಾಯೋ ಗೋಲಿನೂ ಹೋದ."

"ನಿನ್ನೆ ಸಂಜೆ ತಾನೇ ಇಲ್ಲಿ ಉಂಡ್ರಲ್ಲ! ಹುಳಿ ಚೆನ್ನಾಗಿದೆ ಅಂತ ಎರಡೆರಡು ಸಲ ಹಾಕಿಸ್ಕೊಂಡ್ರು."

"ಅದಕ್ಕೇ ಎರಡು ಸಲ ಹಾಕಿಸ್ಕೊಂಡಿದ್ದು," ಅಂತ ಅವರು ಕಟ್ಟೆಯ ಮೇಲೆ ಕೂತುಬಿಟ್ಟರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ತುಮಕೂರಿನ ಒಂದು ಎಣ್ಣೆ ಗಿರಣಿಯಲ್ಲಿ ನಮ್ಮನೆಯವರು ಸ್ಟೋರ್ ಗುಮಾಸ್ತರು. ಗಿರಣಿಯ ಸಾಹುಕಾರರಿಗೆ ಹಾಕಿ ಟೀಮಿನ ಹುಚ್ಚು. ಅವರು ಸ್ವತಃ ಒಂದು ದಿನವೂ ಹಾಕಿ ಕೋಲು ಹಿಡಿದವರಲ್ಲ. ಬೇರೆ ಯಾವುದೋ ಊರಿನ ಮಿಲ್ಲಿನವರು ಟೀಮು ಕಟ್ಟಿ, ಕಪ್ಪು ಗೆದ್ದು, ಅದನ್ನು ಆಫೀಸಿನ ಗಾಜಿನ ಬೀರುವಿನಲ್ಲಿ ಇಟ್ಟಿದ್ದನ್ನು ನೋಡಿ ಬಂದರು. ನಮಗೂ ಒಂದಿರಲಿ ಅಂತ ಅನ್ನಿಸಿತು. ಆಡುವವರಿಗೆ ಗಿರಣಿಯಿಂದಲೇ ಸಂಬಳ. ಹೆಸರಿಗೆ ಗೋಣಿಚೀಲ ಎಣಿಸುವುದು, ತಕ್ಕಡಿ ಮುಂದೆ ನಿಲ್ಲುವುದು, ಗೇಟು ಕಾಯುವುದು. ಮಧ್ಯಾಹ್ನ ಮೂರು ಹೊಡೆದರೆ ಎಲ್ಲರೂ ಮೈದಾನದಲ್ಲಿ. ನಮ್ಮನೆಯವರು ಹೈಸ್ಕೂಲಿನಲ್ಲಿ ಚೆನ್ನಾಗಿ ಆಡುತ್ತಿದ್ದರು ಅಂತ ಟೀಮು ನೋಡಿಕೊಳ್ಳುವ ಕೆಲಸ ಅವರ ತಲೆಗೆ ಬಂತು. ಅವರ ತಲೆಗೆ ಬಂದದ್ದು ನನ್ನ ಒಲೆಗೂ ಬಂತು. ಆಡುವವರೆಲ್ಲ ಪರವೂರಿನವರು, ಮದುವೆಯಿಲ್ಲದವರು. ರಾಗಿ, ಬೇಳೆ ಸಾಹುಕಾರರ ಮನೆಯಿಂದ ಬರುತ್ತಿತ್ತು. ಬೇಯಿಸಿ ಜಗಲಿಯ ಮೇಲೆ ಸಾಲಾಗಿ ಎಲೆ ಹಾಕಿ ಬಡಿಸುವುದು ನನ್ನ ಪಾಲು. ಅಂಗಿ ಒಗೆಯುವುದೂ ನನ್ನ ಪಾಲು. ಹಾಕಿ ಕೋಲುಗಳಿಗೆ ಅಗಸೆ ಎಣ್ಣೆ ಸವರಿ ದೇವರಕೋಣೆಯ ಪಕ್ಕದ ಗೋಡೆಗೆ ಒರಗಿಸುತ್ತಿದ್ದರು. ಬೆಳಿಗ್ಗೆ ಲಿಂಗಪೂಜೆಗೆ ಕೂತರೆ ವಿಭೂತಿಯ ವಾಸನೆಗಿಂತ ಮೊದಲು ಆ ಎಣ್ಣೆಯ ವಾಸನೆಯೇ ಮೂಗಿಗೆ ಬಡಿಯುತ್ತಿತ್ತು. ಹೇಳಿದರೆ, "ಅದೂ ಮರವೇ ತಾನೇ, ಹೊರಗಿಟ್ರೆ ಸೀಳುತ್ತೆ" ಅನ್ನುತ್ತಿದ್ದರು.

ಆ ದಿನ ಬಾವಿಕಟ್ಟೆಯ ಮೇಲೆ ಅವರು ತಲೆ ಹಿಡಿದು ಕೂತಿದ್ದರೂ ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ನನ್ನ ತಮ್ಮ. ಅದನ್ನು ಮುಚ್ಚಿಡುವುದೇಕೆ. ಗುಬ್ಬಿಯಲ್ಲಿ ನಮ್ಮಪ್ಪ ತೀರಿಕೊಂಡ ಮೇಲೆ ಅವನು ನಮ್ಮ ಜೊತೆಗೇ ಬಂದು ಇದ್ದ. ಗಿರಣಿಯಲ್ಲಿ ದಿನಗೂಲಿ. ಟೀಮಿನಲ್ಲಿ ಎಕ್ಸ್‌ಟ್ರಾ ಗೋಲಿ, ಅಂದರೆ ಗೋಲ್‌ಕೀಪರನಿಗೆ ಜ್ವರ ಬಂದರೆ ಮಾತ್ರ ನಿಲ್ಲುವವನು. ಟೀಮಿನಲ್ಲಿ ಗಟ್ಟಿಯಾದ ಜಾಗ ಸಿಕ್ಕಿದವರನ್ನು ಸಾಹುಕಾರರು ಗಿರಣಿಯಲ್ಲಿ ಕಾಯಂ ಮಾಡುತ್ತಿದ್ದರು. ಗುಬ್ಬಿಯಲ್ಲಿ ಒಂದು ಹೆಣ್ಣು ನೋಡಿಟ್ಟಿದ್ದೆವು. ಒಳ್ಳೆಯ ಮನೆತನ. "ಕಾಯಂ ಆದ್ಮೇಲೆ ಬನ್ನಿ, ಮಾತಾಡೋಣ" ಅಂದಿದ್ದರು ಅವರು. ಹಾಗಾಗಿ ಗೋಲಿ ರೈಲು ಹತ್ತಿದ ಅಂದಾಗ ನನಗೆ ಒಳಗೊಳಗೇ, ಶಿವ ಒಂದು ಬಾಗಿಲು ತೆರೆದ ಅಂತಲೇ ಅನ್ನಿಸಿತು.

"ಹಂಗಾದ್ರೆ ಗೋಲಿಗೆ ನಮ್ಮೋನನ್ನ ನಿಲ್ಲಿಸ್ತೀರಿ," ಅಂದೆ.

ಅವರು ಬಗ್ಗಿ ಚಪ್ಪಲಿ ಬಿಚ್ಚತೊಡಗಿದರು.

"ಯಾಕ್ರೀ, ಅವನಿಗೆ ಬರಲ್ವಾ?"

"ಬರುತ್ತೆ. ಓಡಿಹೋದವನಿಗಿಂತ ಚೆನ್ನಾಗೇ ಬರುತ್ತೆ."

"ಮತ್ತೆ?"

"ನಾನು ಹೆಂಗೇ ಹೇಳ್ಲಿ? ಹೆಂಡ್ತಿ ತಮ್ಮನ್ನ ತೂರಿಸಿದ ಅಂತಾರೆ ಗಿರಣಿಯಲ್ಲಿ. ಸಾಹುಕಾರ್ರೇ ಹೇಳ್ಲಿ, ನೋಡೋಣ."

ನನ್ನ ಉರಿ ಶುರುವಾದದ್ದು ಅಲ್ಲಿಂದ. ಸಂಕ್ರಾಂತಿ ಕಳೆದ ಮೇಲೆ ತುಮಕೂರಿನ ಮೈದಾನದಲ್ಲಿ ಕಪ್ಪಿನ ಪಂದ್ಯ ನಿಗದಿಯಾಗಿತ್ತು. ಬರುವವರು ಬೇರೆ ಯಾರೂ ಅಲ್ಲ, ನಮ್ಮ ಐವರನ್ನು ಎತ್ತಿಕೊಂಡು ಹೋದ ಕಾರ್ಖಾನೆಯವರೇ. ಸಾಹುಕಾರರು ರೋಷದಿಂದ, "ಆ ಪಂದ್ಯದಲ್ಲಿ ಆಟ ನೋಡಿ ಯಾರನ್ನ ಉಳಿಸ್ಕೊಳ್ಳೋದು, ಯಾರನ್ನ ಮನೆಗೆ ಕಳಿಸೋದು ಅಂತ ತೀರ್ಮಾನ ಮಾಡ್ತೀನಿ" ಅಂದರು. ನಡುವೆ ಎರಡು ತಿಂಗಳು ಕೂಡ ಇರಲಿಲ್ಲ.

ನಮ್ಮನೆಯವರು ಆಡುವವರನ್ನು ಹುಡುಕಲು ಹೊರಟರು. ಮೊದಲು ಗುಬ್ಬಿ. ಅಲ್ಲಿ ಹುಡುಗರಿಗೇನೂ ಬರವಿಲ್ಲ. ಆದರೆ ಕೈಕಾಲು ಚುರುಕಿದ್ದವರಿಗೆಲ್ಲ ನಾಟಕದ ಗೀಳು. ಒಬ್ಬ ಸೊಗಸಾಗಿ ಓಡುತ್ತಿದ್ದನಂತೆ. ಸ್ತ್ರೀಪಾತ್ರ ಮಾಡುವವನು, ಕೂದಲು ಬೆನ್ನಿನವರೆಗೆ ಬಿಟ್ಟಿದ್ದ. "ಕತ್ತರಿಸ್ಕೊಂಡು ಬಾರಪ್ಪ" ಅಂದರೆ, "ಬೇಕಾದ್ರೆ ತುರುಬು ಕಟ್ಕೊಂಡು ಆಡ್ತೀನಿ ಸಾರ್, ಕತ್ತರಿ ಮಾತ್ರ ಮುಟ್ಟಿಸಲ್ಲ" ಅಂದ. ತುರುಬು ಕಟ್ಟಿಕೊಂಡೇ ಬಂದ, ನಮ್ಮ ಜಗಲಿಯಲ್ಲಿ ಉಂಡ, ನನ್ನ ಹತ್ತಿರ ಹರಳೆಣ್ಣೆ ಕೇಳಿ ತಲೆಗೆ ಹಚ್ಚಿಕೊಂಡ. ಆಟ ಚೆನ್ನಾಗಿತ್ತು. ಹಾಗಲವಾಡಿ ಕಡೆಯಿಂದ ಇಬ್ಬರು ಬಂದರು. ಹೊಲದ ಕೆಲಸ ಮಾಡಿ ಗಟ್ಟಿಯಾದ ಮೈ. ಒಂದೇ ತೊಂದರೆ, ಚೆಂಡು ಹೊಡೆಯುವುದಕ್ಕೆ ಕೋಲು ಎತ್ತಿದರೆ ಸೌದೆ ಸೀಳುವ ಹಾಗೆ ಎತ್ತುತ್ತಿದ್ದರು. ಭುಜಕ್ಕಿಂತ ಮೇಲೆ ಎತ್ತಬೇಡಿ ಅಂತ ಹೇಳಿಕೊಡುವುದರಲ್ಲೇ ದಿನಗಳು ಹೋದವು. ಎರಡು ಕೋಲು ಮುರಿದವು. ಮುರಿದದ್ದು ನನ್ನ ಬಚ್ಚಲ ಒಲೆಗೆ ಬಂತು, ಅಷ್ಟು ಲಾಭ.

ಕೊನೆಗೆ ಕುಣಿಗಲ್. ಅಲ್ಲಿ ಕುದುರೆ ಸಾಕುವ ಕಡೆ ಕೆಲಸ ಮಾಡುತ್ತಿದ್ದ ಒಬ್ಬ ಸಾಬರವನು ಸಿಕ್ಕ. ಸಣ್ಣ ಆಳು. ಅವನು ಓಡುವುದನ್ನು ನೋಡಿ ನಮ್ಮನೆಯವರು ಅಂದು ಸಂಜೆ ಊಟವನ್ನೇ ಮರೆತು ಮಾತಾಡಿದರು. "ಚೆಂಡು ಅವನ ಕೋಲಿಗೆ ಅಂಟಿಕೊಂಡೇ ಹೋಗುತ್ತೆ ಕಣೇ. ಸಂದಿ ಇಲ್ಲದ ಕಡೆ ಸಂದಿ ಮಾಡ್ತಾನೆ. ಅವನೊಬ್ಬ ಮುಂದೆ ಇದ್ರೆ ಸಾಕು." ಹಾಗೆ ಹನ್ನೊಂದು ಜನ ಆದರು. ಮುಂದೆ ಆಡುವುದಕ್ಕೆ ಕುಣಿಗಲ್‌ನವನು, ಹಿಂದೆ ಗೋಲಿಗೆ ನನ್ನ ತಮ್ಮ. ಎಲ್ಲ ಕೂಡಿ ಬಂತು ಅಂತ ಸೋಮವಾರ ದೇವರಿಗೆ ಒಂದು ದೀಪ ಹೆಚ್ಚಿಗೆ ಹಚ್ಚಿದೆ.

ಆದರೆ ಸಾಹುಕಾರರು ಬಾಯಿಬಿಟ್ಟು ಕೇಳಿದ ದಿನ ನಮ್ಮನೆಯವರ ಬಾಯಿ ಕಟ್ಟಿಹೋಯಿತು.

"ಗೋಲಿಗೆ ಯಾರು ಗುಮಾಸ್ತರೇ?" ಅಂದರಂತೆ ಸಾಹುಕಾರರು.

"ತಾವು ಹೇಳ್ದಂಗೆ," ಅಂದರಂತೆ ಇವರು.

"ನಿಮ್ಮ ಮನಸ್ಸಿನಲ್ಲಿ ಯಾರಿದ್ದಾರೆ?"

"ಹಂಗೇನಿಲ್ಲ, ತಮ್ಮ ಚಿತ್ತ."

ಸಾಹುಕಾರರ ಚಿತ್ತ ಎತ್ತ ಹೋಗುತ್ತದೆ ಅಂತ ಯಾರಿಗೆ ಗೊತ್ತು. ಕುಣಿಗಲ್‌ನವನು ಹಗ್ಗ ಕಿತ್ತುಕೊಂಡು ಓಡುತ್ತಿದ್ದ ಕುದುರೆಯನ್ನು ಒಂದು ಸಲ ಅಡ್ಡ ನಿಂತು ಹಿಡಿದಿದ್ದ ಅಂತ ಯಾರೋ ಅವರಿಗೆ ಹೇಳಿದ್ದರು. "ಓಡೋ ಕುದುರೆ ತಡೆಯೋನು ಚೆಂಡು ತಡೆಯಲ್ವೇನ್ರೀ?" ಅಂದರಂತೆ. ಅದಕ್ಕೂ ನಮ್ಮನೆಯವರು ತಲೆ ಕೆರೆದುಕೊಂಡು ನಿಂತರು. ಹೂಂ ಅಂದರೆ ಆಟ ಕೆಡುತ್ತದೆ, ಊಹೂಂ ಅಂದರೆ ಮತ್ಯಾರು ಅಂತ ಕೇಳುತ್ತಾರೆ, ಆಗ ಹೆಂಡತಿಯ ತಮ್ಮನ ಹೆಸರು ಹೇಳಬೇಕಾಗುತ್ತದೆ. ಸಾಹುಕಾರರು ಕಾದು ಕಾದು, "ಸರಿ, ಮನೆದೇವರ ಹತ್ರ ಹೂ ಕೇಳಿಬಿಡೋಣ" ಅಂದರು.

ನಮ್ಮ ಕಡೆ ಹೂ ಕೇಳುವುದು ಎಲ್ಲರಿಗೂ ಗೊತ್ತಿರುವುದೇ. ದೇವರ ಎರಡು ಪಕ್ಕಕ್ಕೂ ಒದ್ದೆ ಹೂವು ಅಂಟಿಸಿ, ಮನಸ್ಸಿನಲ್ಲಿರುವುದನ್ನು ಕೇಳಿಕೊಂಡು ಕೈಮುಗಿದು ನಿಲ್ಲುವುದು. ಬಲಗಡೆ ಹೂ ಮೊದಲು ಬಿದ್ದರೆ ಆಗಲಿ ಅಂತ, ಎಡಗಡೆ ಬಿದ್ದರೆ ಬೇಡ ಅಂತ. ಮದುವೆಗೆ ಕೇಳುತ್ತಾರೆ, ಬಾವಿ ತೋಡುವುದಕ್ಕೆ ಕೇಳುತ್ತಾರೆ. ನಾನೂ ಕೇಳಿದ್ದೇನೆ, ನಂಬಿದ್ದೇನೆ, ಇವತ್ತಿಗೂ ನಂಬುತ್ತೇನೆ. ಆದರೆ ಉಪವಾಸ ಇದ್ದು, ತಣ್ಣೀರು ಸುರಿದುಕೊಂಡು, ದಾರಿ ಕಾಣದೆ ಹೋದಾಗ ಕೇಳುವ ಮಾತು ಅದು. ಸಾಹುಕಾರರ ಮನೆದೇವರು ಗುಬ್ಬಿಯ ಆಚೆ. ಕಾರಿನಲ್ಲಿ ಹೋದರು. ದಾರಿಯಲ್ಲಿ ಇಳಿದು ದೋಸೆ ತಿಂದರಂತೆ. ನಮ್ಮನೆಯವರನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು.

ಸಂಜೆ ಬಂದು ಇವರು ಹೇಳಿದ್ದು ಇಷ್ಟು. "ಬಲಗಡೆ ಬಿತ್ತು. ಕುಣಿಗಲ್‌ನವನೇ ಗೋಲಿ."

"ನನ್ನ ತಮ್ಮ?"

"ಮುಂದೆ ಎಡಗಡೆ ಒಂದು ಜಾಗ ಖಾಲಿ ಇದೆಯಲ್ಲ. ಅಲ್ಲಿ ಆಡ್ಲಿ."

"ಅವನು ಮುಂದೆ ಯಾವತ್ತಾದ್ರೂ ಆಡಿದಾನೇನ್ರೀ?"

"ಇಲ್ಲ."

"ಕುಣಿಗಲ್‌ನವನು ಗೋಲಿನಲ್ಲಿ ನಿಂತಿದಾನಾ?"

"ಇಲ್ಲ."

"ಮತ್ತೆ ನೀವು ಅಲ್ಲಿ ಏನು ಮಾಡ್ತಿದ್ರಿ?"

"ಕೈಮುಗಿದು ನಿಂತಿದ್ದೆ," ಅಂದರು. ಅವರ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಅದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು. ತಾನು ಹೇಳಬೇಕಾಗಿದ್ದ ಮಾತು ದೇವರ ತಲೆಯ ಮೇಲೆ ಹೋಯಿತಲ್ಲ ಅನ್ನುವ ನೆಮ್ಮದಿ ಅದು. ಬಾಯಿಗೆ ಬಂದದ್ದನ್ನೆಲ್ಲ ಅಂದುಬಿಡೋಣ ಅನ್ನಿಸಿತು. ಆದರೆ ಹೂವಿನ ಮೇಲೆ ನಾನು ಏನಂತ ಮಾತಾಡಲಿ? ದೇವರು ಸುಳ್ಳು ಹೇಳಿದ ಅನ್ನಲೇ? ಒಂದು ಸಲ ಕೊಟ್ಟ ಅಪ್ಪಣೆಯನ್ನು ಕೆಲಸ ಮುಗಿಯುವ ತನಕ ಮತ್ತೆ ಕೇಳುವ ಹಾಗಿಲ್ಲ, ಅದೂ ಒಂದು ನಿಯಮ. ಹೀಗೆ ನನ್ನ ಭಕ್ತಿಯೇ ನನ್ನ ಬಾಯಿಗೆ ಬೀಗ ಹಾಕಿತು. ಆ ದಿನದ ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು. ಯಾರೂ ಏನೂ ಅನ್ನಲಿಲ್ಲ, ಅದೇ ಪುಣ್ಯ.

ಮುಂದಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಹಲ್ಲು ಕಚ್ಚುವ ಹಾಗಾಗುತ್ತದೆ. ಮಿಂಚಿನ ಹಾಗೆ ಓಡುವವನ ಕಾಲಿಗೆ ದಪ್ಪ ಪ್ಯಾಡು ಕಟ್ಟಿ ಒಂದು ಕಡೆ ನಿಲ್ಲಿಸಿದರು. ನಿಂತ ಕಡೆ ಬಂಡೆಯ ಹಾಗೆ ನಿಲ್ಲುವವನನ್ನು ಓಡಲು ಬಿಟ್ಟರು. ನನ್ನ ತಮ್ಮ ಸಂಜೆ ಬಂದು ಜಗಲಿಯ ಕಂಬಕ್ಕೆ ಒರಗಿದರೆ ಏದುಸಿರು ನಿಲ್ಲುತ್ತಿರಲಿಲ್ಲ. ಚೆಂಡು ಎಲ್ಲಿದೆ ಅಂತ ಗೊತ್ತಾಗುವ ಹೊತ್ತಿಗೆ ಅದು ಬೇರೆಯವರ ಹತ್ತಿರ ಇರುತ್ತಿತ್ತಂತೆ.

ಕುಣಿಗಲ್‌ನವನು ಒಂದು ದಿನ ಊಟಕ್ಕೆ ಕೂತಾಗ ಮೊಣಕಾಲು ನೀವಿಕೊಳ್ಳುತ್ತಾ ಹೇಳಿದ, "ಅಕ್ಕಾ, ಕಾಲಿಗೆ ದಿಂಬು ಕಟ್ಟಿದ್ರೆ ಕುದ್ರೆನೂ ಓಡಲ್ಲ. ನಾನೇನ್ ತಪ್ಪು ಮಾಡ್ದೆ ಅಂತ ನನ್ನನ್ನ ಅಲ್ಲಿ ಕಟ್ಟಾಕಿದಾರೆ?"

"ನಮ್ಮ ದೇವರ ಅಪ್ಪಣೆ ಆಗಿದೆಯಪ್ಪಾ," ಅಂದೆ.

"ನಿಮ್ಮ ದೇವ್ರಿಗೆ ನನ್ನ ಗುರುತು ಹೆಂಗೆ ಸಿಕ್ತು ಅಕ್ಕಾ? ನಾನು ಆ ಕಡೆ ಹೋಗೇ ಇಲ್ಲ."

ಪಕ್ಕದ ಎಲೆಯಲ್ಲಿ ಕೂತಿದ್ದ ತುರುಬಿನವನು ಕಿಸಕ್ಕನೆ ನಕ್ಕ. ನನ್ನ ತಮ್ಮನೂ ನಕ್ಕ. ನನಗೆ ನಗು ಬರಲಿಲ್ಲ. ಮುದ್ದೆಯ ತಪ್ಪಲೆ ಎತ್ತಿಕೊಂಡು ಒಳಗೆ ಹೋದೆ. ಅವನು ಕೇಳಿದ್ದು ಸರಿಯಾಗಿತ್ತು. ನಮ್ಮ ಹಿರಿಯರು ಹೂ ಕೇಳುವಾಗ ಯಾರ ವಿಷಯವೋ ಅವರನ್ನೇ ಎದುರಿಗೆ ನಿಲ್ಲಿಸುತ್ತಿದ್ದರು. ಇವನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಒಳಗೆ ಬಂದು ನಮ್ಮನೆಯವರಿಗೆ ಅಂದೆ, "ಈಗಲಾದ್ರೂ ಸಾಹುಕಾರ್ರಿಗೆ ಇದ್ದದ್ದು ಇದ್ದಂಗೆ ಹೇಳಿ."

"ಹೂ ಆದ್ಮೇಲೆ ನಾನು ಹೇಳೋದೇನಿದೆ?"

"ಹೂಗೆ ಮುಂಚೆನೂ ನೀವು ಹೇಳಲಿಲ್ಲ."

ಅವರು ಕೋಲುಗಳಿಗೆ ಎಣ್ಣೆ ಸವರುವುದಕ್ಕೆ ಎದ್ದು ಹೋದರು. ಮಾತು ಬೇಡವಾದಾಗಲೆಲ್ಲ ಅವರಿಗೆ ಆ ಕೋಲುಗಳು ನೆನಪಾಗುತ್ತಿದ್ದವು.

ಪಂದ್ಯದ ದಿನ ಬಂತು. ಹೆಂಗಸರು ಮೈದಾನಕ್ಕೆ ಹೋಗುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಸಾಹುಕಾರರ ತಾಯಿ, ನಾವೆಲ್ಲ ದೊಡ್ಡಮ್ಮನವರು ಅನ್ನುತ್ತಿದ್ದೆವು, ಮಗ ಇಷ್ಟು ದಿನದಿಂದ ಏನು ಕುಣಿಯುತ್ತಿದ್ದಾನೆ ಒಂದು ಸಲ ನೋಡಬೇಕು ಅಂದರಂತೆ. ಅವರನ್ನು ಕಾರಿನಲ್ಲಿ ಕೂರಿಸಿ ಮೈದಾನದ ಅಂಚಿನ ಹುಣಸೆಮರದ ಕೆಳಗೆ ನಿಲ್ಲಿಸಿದರು. ಜೊತೆಗಿರಲಿ ಅಂತ ನನಗೂ ಹೇಳಿಕಳಿಸಿದರು. ಹಿಂದಿನ ಸೀಟಿನಲ್ಲಿ ಅವರು ರುದ್ರಾಕ್ಷಿ ಹಿಡಿದು ಒಂದು ಕಡೆ, ನಾನು ಒಂದು ಕಡೆ. ಕಿಟಕಿಯಿಂದ ನೋಡಿದರೆ ನಮ್ಮ ಗೋಲು ಎದುರಿಗೇ ಕಾಣುತ್ತಿತ್ತು. ಕಾಣದಿದ್ದರೇ ಚೆನ್ನಾಗಿತ್ತು.

ಸೀಟಿ ಊದಿ ಸ್ವಲ್ಪ ಹೊತ್ತಿಗೇ ಒಂದು ಗೋಲು ಹೋಯಿತು. ಹೊಡೆದವನು ನಮ್ಮ ಜಗಲಿಯಲ್ಲಿ ಉಂಡು ಹೋದವನೇ.

"ಯಾವನಮ್ಮಿ ಅದು, ಕಾಲಿಗೆ ಹಾಸಿಗೆ ಸುತ್ಕೊಂಡು ನಿಂತವ್ನೆ?" ಅಂದರು ದೊಡ್ಡಮ್ಮನವರು.

"ಅವನೇ ನಮ್ಮ ಗೋಲಿ. ಚೆಂಡು ತಡೆಯೋನು."

"ತಡೀತಾ ಇಲ್ವಲ್ಲ."

"ತಡೆಯೋದು ಅವನಿಗೆ ಬರಲ್ಲ ದೊಡ್ಡಮ್ಮಾರೇ."

"ಮತ್ಯಾಕೆ ನಿಂತವ್ನೆ?"

"ದೇವರ ಅಪ್ಪಣೆ ಆಗಿದೆ ಅಂತ ನಿಲ್ಲಿಸಿದಾರೆ."

ಅವರು ಜಪಮಾಲೆ ನಿಲ್ಲಿಸಿ ನನ್ನ ಕಡೆ ತಿರುಗಿದರು. ಅವರು ಕೇಳಿದರು, ನಾನು ಹೇಳಿದೆ. ಹೂ ಕೇಳಿದ್ದು, ಯಾರಿಗೆ ಯಾವ ಜಾಗ ಬರುತ್ತದೆ ಅನ್ನುವುದು, ಎಲ್ಲ. ನನ್ನ ತಮ್ಮನ ವಿಷಯವನ್ನೂ ಹೇಳಿದೆ. "ನನ್ನ ತಮ್ಮ ಅಂತ ಹೇಳ್ತಾ ಇದೀನಿ ಅಂದ್ಕೋಬೇಡಿ" ಅಂತ ಶುರುಮಾಡಿದವಳು, ನಾನೂ ನನ್ನ ಗಂಡನ ದಾರಿಯನ್ನೇ ಹಿಡಿಯುತ್ತಿದ್ದೇನೆ ಅಂತ ಗೊತ್ತಾಗಿ, "ನನ್ನ ತಮ್ಮನೇ, ಅವನಿಗೆ ಆ ಕೆಲಸ ಬರುತ್ತೆ" ಅಂದುಬಿಟ್ಟೆ. ಹೇಳುತ್ತಿರುವಾಗಲೇ ಎರಡನೆಯ ಗೋಲು ಹೋಯಿತು. ಅರ್ಧ ಆಟ ಮುಗಿಯುವ ಮುಂಚೆ ಮೂರನೆಯದು. ನನ್ನ ತಮ್ಮ ಆ ಕಡೆ ಗೆರೆಯ ಹತ್ತಿರ ಸೊಂಟದ ಮೇಲೆ ಕೈಯಿಟ್ಟುಕೊಂಡು ಬಗ್ಗಿ ನಿಂತಿದ್ದ. ಇವತ್ತಿಗೆ ಇವನ ಗಿರಣಿ ಕೆಲಸ ಮುಗಿಯಿತು ಅಂದುಕೊಂಡೆ.

ಬಿಡುವಿನಲ್ಲಿ ಸಾಹುಕಾರರು ಕೆಂಪು ಮುಖ ಮಾಡಿಕೊಂಡು ಕಾರಿನ ಹತ್ತಿರ ಬಂದರು. ಹಿಂದೆ ನಮ್ಮನೆಯವರು.

"ಮನೆಗೆ ಹೋಗ್ತೀಯೇನಮ್ಮಾ? ನೋಡೋ ಅಂಥದ್ದೇನಿಲ್ಲ," ಅಂದರು ಸಾಹುಕಾರರು.

"ಹೂವ ಏನಂತ ಕೇಳ್ದೆಯಪ್ಪಾ?" ಅಂದರು ದೊಡ್ಡಮ್ಮನವರು.

"ಈಗ್ಯಾಕಮ್ಮಾ ಅದು?"

"ಏನಂತ ಕೇಳ್ದೆ, ಹೇಳು."

"ಕುಣಿಗಲ್‌ನವನ್ನ ಗೋಲಿಗೆ ನಿಲ್ಲಿಸ್ಲಾ ಅಂತ ಕೇಳ್ದೆ. ಬಲಗಡೆ ಕೊಟ್ಟ."

"ನಿಲ್ಲಿಸ್ದ್ಯಾ?"

"ನಿಲ್ಲಿಸಿದೀನಲ್ಲಮ್ಮಾ, ಕಾಣ್ತಾ ಇಲ್ವಾ!"

"ಆಯ್ತಲ್ಲ ಮತ್ತೆ. ದೇವ್ರು ಹೇಳಿದ್ದು ನಡೆಸಿದಂಗಾಯ್ತು. ಎಷ್ಟೊತ್ತು ನಿಲ್ಲಿಸ್ಲಿ ಅಂತ ಏನಾದ್ರೂ ಕೇಳಿದ್ಯಾ?"

ಸಾಹುಕಾರರು ಮೈದಾನದ ಕಡೆ ತಿರುಗಿದರು. "ಇಲ್ಲ," ಅಂದರು.

"ಕೇಳಿಲ್ಲ ಅಂದ್ಮೇಲೆ ಅದು ನಿನ್ನ ಕೆಲಸ. ಎಲ್ಲಾನೂ ಅವನ ತಲೆಗೇ ಕಟ್ತೀಯಲ್ಲೋ. ಹೋಗು, ಆ ಸಾಬರ ಹುಡುಗನ ಕಾಲು ಬಿಚ್ಚಿಸು. ನೋಡೋಕಾಗ್ತಿಲ್ಲ."

ಇಷ್ಟು ದಿನ ನನ್ನ ಬಾಯಿ ಕಟ್ಟಿದ್ದ ಗಂಟು ಆ ಮುದುಕಿಯ ಕೈಯಲ್ಲಿ ಹೀಗೆ ಬಿಚ್ಚಿಕೊಂಡಿತು. ನನಗೆ ಹೊಳೆಯಬಾರದಾಗಿತ್ತೇ ಅಂತ ಒಂದು ಕಡೆ ಸಿಟ್ಟು, ಅವರಿಗಾದರೂ ಹೊಳೆಯಿಸಿದನಲ್ಲ ಶಿವ ಅಂತ ಒಂದು ಕಡೆ ಸಮಾಧಾನ. ಮೈದಾನದ ನಡುವೆಯೇ ಕುಣಿಗಲ್‌ನವನು ಕೂತು ಪ್ಯಾಡು ಬಿಚ್ಚಿದ. ನನ್ನ ತಮ್ಮ ಅವನ ಎದುರಿಗೇ ಕೂತು ಅದನ್ನು ತನ್ನ ಕಾಲಿಗೆ ಕಟ್ಟಿಕೊಂಡ. ಕುಣಿಗಲ್‌ನವನು ಎದ್ದು ನಿಂತು ಎರಡು ಸಲ ಕುಪ್ಪಳಿಸಿ ನೋಡಿದ, ಬಿಟ್ಟ ಕರುವಿನ ಹಾಗೆ.

ಆಮೇಲಿನ ಅರ್ಧ ಆಟವನ್ನು ನಾನು ಸರಿಯಾಗಿ ನೋಡಲಿಲ್ಲ. ಗೋಲುಗಳು ಅದಲು ಬದಲಾಗಿ ನನ್ನ ತಮ್ಮ ದೂರದ ಕಡೆ ಹೋಗಿದ್ದ. ಅಲ್ಲಿ ಜನ ಗುಂಪುಗೂಡಿದಾಗಲೆಲ್ಲ ಕಣ್ಣು ಮುಚ್ಚಿ ಪಂಚಾಕ್ಷರಿ ಹೇಳುತ್ತಿದ್ದೆ. "ತಡೆದ, ತಡೆದ ಕಣಮ್ಮಿ, ಕಣ್ಣು ಬಿಡು" ಅಂತ ದೊಡ್ಡಮ್ಮನವರು ನನ್ನ ತೋಳು ಅಲ್ಲಾಡಿಸುತ್ತಿದ್ದರು. ಅವನನ್ನು ದಾಟಿ ಒಂದು ಚೆಂಡೂ ಹೋಗಲಿಲ್ಲ. ಈ ಕಡೆ ಕುಣಿಗಲ್‌ನವನು ಒಂದು ಗೋಲು ಹೊಡೆದ, ತುರುಬಿನವನಿಗೆ ಚೆಂಡು ಕೊಟ್ಟು ಇನ್ನೊಂದು ಹೊಡೆಸಿದ. ಇನ್ನೂ ಒಂದು ಹೊಡೆಯುವ ಮುಂಚೆ ಉದ್ದನೆಯ ಸೀಟಿ ಊದಿಬಿಟ್ಟರು. ಒಂದು ಗೋಲಿನಿಂದ ಸೋತೆವು. ಮೊದಲಿನಿಂದಲೇ ಹೀಗೆ ನಿಲ್ಲಿಸಿದ್ದರೆ ಅಂತ ಕೈ ಕೈ ಹಿಸುಕಿಕೊಂಡೆ.

ಓಡಿಹೋಗಿದ್ದ ಹಳೆಯ ಗೋಲಿ ಬೆವರು ಒರೆಸಿಕೊಳ್ಳುತ್ತಾ ಕಾರಿನ ಕಿಟಕಿಗೆ ಬಂದ. "ಅಕ್ಕಾ, ಚೆನ್ನಾಗಿದೀರಾ? ಅಲ್ಲಿ ಕ್ಯಾಂಟೀನಲ್ಲಿ ಸಾರು ಬರೀ ನೀರು ಕಣಕ್ಕಾ."

"ಕುಡೀತಾ ಇರಪ್ಪ, ದೇಹಕ್ಕೆ ತಂಪು," ಅಂದೆ. ಅವನು ನಕ್ಕು ಹೋದ.

ಸಾಹುಕಾರರು ಬಂದರು. ಸೋತಿದ್ದರೂ ಮುಖ ಅಷ್ಟು ಕೆಟ್ಟಿರಲಿಲ್ಲ. ನನ್ನ ತಮ್ಮನ ಬೆನ್ನು ತಟ್ಟಿ, "ಪರವಾಗಿಲ್ಲ ಕಣೋ ನೀನು," ಅಂದರು. ಆಮೇಲೆ, "ನಿನ್ನನ್ನ ಕಾಯಂ ಮಾಡೋ ವಿಷಯ... ಸೋಮವಾರ ಗುಬ್ಬಿಗೆ ಹೋಗಿ ಒಂದು ಹೂ ಕೇಳಿ ನೋಡೋಣ."

ಮತ್ತೆ ಹೂವೇ! ಕಾರಿನಿಂದ ಇಳಿದುಬಿಡೋಣ ಅನ್ನಿಸಿತು. ನನ್ನ ತಮ್ಮ ತಲೆ ತಗ್ಗಿಸಿಕೊಂಡೇ, ಆದರೆ ಸ್ಪಷ್ಟವಾಗಿ ಹೇಳಿದ, "ಸ್ವಾಮಿ, ದೇವರನ್ನ ಕೇಳೋ ಮುಂಚೆ ನಮ್ಮ ಭಾವನ್ನ ಒಂದ್ಸಲ ಕೇಳಿ. ಟೀಮು ನೋಡ್ಕೊಳ್ಳೋರು ಅವ್ರು."

ಎಲ್ಲರೂ ನಮ್ಮನೆಯವರ ಕಡೆ ನೋಡಿದರು. ಅವರು ನೆಲ ನೋಡಿದರು, ಮೈದಾನ ನೋಡಿದರು. ಕೋಲುಗಳು ದೂರದಲ್ಲಿ ಬಿದ್ದಿದ್ದವು, ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಕಾರಿನ ಕಿಟಕಿಯಲ್ಲಿ ನನ್ನ ಮುಖ ನೋಡಿದರು. ನನ್ನ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ.

"ಇವನೇ ಗೋಲಿ," ಅಂದರು ಕೊನೆಗೆ. "ನನ್ನ ಹೆಂಡ್ತಿ ತಮ್ಮ ಹೌದು. ಆದ್ರೂ ಇವನೇ ಗೋಲಿ. ಇವನಷ್ಟು ಚೆನ್ನಾಗಿ ನಿಲ್ಲೋನು ಈ ಸುತ್ತಮುತ್ತ ನನಗೆ ಸಿಕ್ಕಿಲ್ಲ. ಕಾಯಂ ಮಾಡ್ಕೊಳ್ಳಿ."

ಸಾಹುಕಾರರು ಅವರನ್ನೇ ದಿಟ್ಟಿಸಿ ನೋಡಿ ಹಣೆ ಚಚ್ಚಿಕೊಂಡರು. "ಇದನ್ನ ಅವತ್ತೇ ಬೊಗಳಬಾರದಾಗಿತ್ತೇನ್ರೀ ಗುಮಾಸ್ತರೇ! ನೀವು ಬಾಯಿ ಬಿಡಲಿಲ್ಲ ಅಂತ ತಾನೇ ನಾನು ಹೂ ಕೇಳೋಕೆ ಅಷ್ಟು ದೂರ ಹೋಗಿದ್ದು! ನೀವು ಹೇಳಿದ್ರೆ ಯಾವನು ಹೋಗ್ತಿದ್ದ?" ಅಂದರು. ನನ್ನ ತಮ್ಮನಿಗೆ, "ನಾಳೆ ಆಫೀಸಿಗೆ ಬಂದು ಹೆಸರು ಬರೆಸು, ಕಾಯಂ," ಅಂತ ಹೇಳಿ ಕಾರು ಹತ್ತಿದರು.

ಆ ಮಾತು ಕೇಳಿ ಸಂತೋಷಪಡಬೇಕಾಗಿತ್ತು. ಪಟ್ಟೆ ಕೂಡ. ಗುಬ್ಬಿಗೆ ಹೇಳಿಕಳಿಸಬೇಕು, ಹೆಣ್ಣಿನ ಕಡೆಯವರು ಇನ್ನು ಏನೂ ಅನ್ನುವ ಹಾಗಿಲ್ಲ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಆದರೆ ಸಂತೋಷದ ಅಡಿಯಲ್ಲಿ ಆ ಉರಿ ಹಾಗೇ ಇತ್ತು. ಒಂದು ಮಾತು. ಬಾವಿಕಟ್ಟೆಯ ಮೇಲೆ ಕೂತಿದ್ದ ದಿನ ನನಗೆ ಹೇಳಿದ ಮಾತನ್ನೇ ಗಿರಣಿಯಲ್ಲಿ ಹೇಳಿದ್ದರೆ ಆಗುತ್ತಿತ್ತು. ಕಪ್ಪೂ ಬರುತ್ತಿತ್ತೋ ಏನೋ. ಒಬ್ಬರ ಸಂಕೋಚಕ್ಕೆ ಇಷ್ಟು ಜನ ಕಾಲು ನೋಯಿಸಿಕೊಂಡರು, ದೇವರಿಗೂ ಕೆಟ್ಟ ಹೆಸರು ಬರುವುದರಲ್ಲಿತ್ತು.

ಮನೆಗೆ ಬಂದು ಕಾಲು ತೊಳೆದು ದೇವರಿಗೆ ದೀಪ ಹಚ್ಚಿದೆ. ನಮ್ಮನೆಯವರು ಸ್ವಲ್ಪ ತಡವಾಗಿ ಬಂದರು. ಟೋಪಿ ಗೂಟಕ್ಕೆ ಹಾಕಿ ಅಡುಗೆಮನೆಯ ಹೊಸ್ತಿಲ ಹತ್ತಿರ ನಿಂತರು.

"ಕುಣಿಗಲ್‌ನವನನ್ನ ಆ ಕಾರ್ಖಾನೆಯೋರು ಕರೆದ್ರು ಕಣೇ," ಅಂದರು. "ಒಪ್ಕೊಂಡ. ಇಲ್ಲಿಗಿಂತ ಜಾಸ್ತಿ ಸಂಬಳ, ಇರೋಕೆ ರೂಮು. ಪಾಪ, ನನ್ನ ಹತ್ರ ಬಂದು ಹೇಳಿಯೇ ಹೋದ. ನಿನಗೆ ಸಲಾಂ ಹೇಳು ಅಂದ."

ನಾನು ಒಲೆಗೆ ಸೌದೆ ಒಡ್ಡಿದೆ.

"ಮತ್ತೆ ಒಬ್ಬ ಬೇಕು ಮುಂದೆ ಆಡೋಕೆ. ನಾಳಿದ್ದು ಕುಣಿಗಲ್ ಕಡೆ ಹೋಗ್ಬೇಕು."

"ಹೋಗಿ," ಅಂದೆ. "ಸಿಕ್ಕಿದ್ರೆ ಯಾವ ಜಾಗಕ್ಕೆ ಅಂತ ಅವತ್ತೇ ಸಾಹುಕಾರ್ರಿಗೆ ಬಾಯಿಬಿಟ್ಟು ಹೇಳ್ಬಿಡಿ."

ಅವರು ಪೆಚ್ಚಾಗಿ ನಕ್ಕರು. ಜಗಲಿಯ ಮೇಲೆ ಉಳಿದವರ ಮಾತು, ನಗು ಕೇಳುತ್ತಿತ್ತು. ನನ್ನ ತಮ್ಮನ ದನಿಯೂ ಅದರಲ್ಲಿತ್ತು. ಹಸಿದಿರುತ್ತಾರೆ. ಬೆಳಿಗ್ಗೆ ನೆನೆಹಾಕಿ ಹೋಗಿದ್ದ ಅವರೆಕಾಳು ಚೆನ್ನಾಗಿ ಉಬ್ಬಿತ್ತು. ಮೊರ ಎಳೆದುಕೊಂಡು, ಪಾತ್ರೆಯನ್ನು ಮುಂದೆ ಇಟ್ಟುಕೊಂಡು, ಒಂದೊಂದೇ ಕಾಳು ಹಿಸುಕಿ ಸಿಪ್ಪೆ ಬಿಡಿಸುವುದಕ್ಕೆ ಕೂತೆ.